ನಳಿಗೆಯ ಆಕಾರ, ಆಘಾತ ತರಂಗದ ಬಲ

ನಳಿಗೆಯಲ್ಲಿ ತುಂಬಿರುವ ಗಾಳಿಯನ್ನು ಒಂದು ತುದಿಯಿಂದ ರಭಸವಾಗಿ ತಳ್ಳಿದರೆ ಆ ಒತ್ತು ಶಬ್ದದ ವೇಗದಲ್ಲಿ ಇನ್ನೊಂದು ತುದಿಯ ಕಡೆಗೆ ಸಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನ ಗಾಳಿಯಲ್ಲಿ ಆ ವೇಗ ಸೆಕೆಂಡಿಗೆ ಸುಮಾರು 346 ಮೀಟರ್. ಮೊದಲ ಒತ್ತು ಹಾದುಹೋದ ಗಾಳಿ ತುಸು ಬಿಸಿಯಾಗುತ್ತದೆ, ಜತೆಗೆ ತಾನೂ ಮುಂದಕ್ಕೆ ಸರಿಯತೊಡಗುತ್ತದೆ. ಬಿಸಿ ಗಾಳಿಯಲ್ಲಿ ಶಬ್ದ ಬೇಗ ಸಾಗುವುದರಿಂದ ಹಿಂದೆ ಹೊರಟ ಎರಡನೆಯ ಒತ್ತು ಮೊದಲನೆಯದನ್ನು ಬೆನ್ನಟ್ಟಿ ಹಿಡಿಯುತ್ತದೆ, ಮೂರನೆಯದು ಎರಡನೆಯದನ್ನು. ಇವೆಲ್ಲ ಒಂದರ ಮೇಲೊಂದು ಕೂಡಿಕೊಂಡು, ಮೆಲ್ಲಗೆ ಏರಬೇಕಿದ್ದ ಒತ್ತಡ ಒಂದೇ ನೆಗೆತದಲ್ಲಿ ಏರಿಬಿಟ್ಟಾಗ ಅದನ್ನು ಆಘಾತ ತರಂಗ ಎನ್ನುತ್ತಾರೆ. ಸಾಮಾನ್ಯ ಗಾಳಿಯಲ್ಲಿ ಬಲವಾದ ಆಘಾತ ತರಂಗದ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಅಷ್ಟು ತೆಳುವಾದ ಪದರವನ್ನು ದಾಟುವಷ್ಟರಲ್ಲಿ ಗಾಳಿಯ ಒತ್ತಡ, ಉಷ್ಣತೆ, ಸಾಂದ್ರತೆ ಮೂರೂ ಬದಲಾಗುತ್ತವೆ. ಶಬ್ದದ ಎರಡು ಪಟ್ಟು ವೇಗದಲ್ಲಿ, ಅಂದರೆ ಮ್ಯಾಕ್ 2ರಲ್ಲಿ, ಸಾಗುವ ತರಂಗ ಒತ್ತಡವನ್ನು ನಾಲ್ಕೂವರೆ ಪಟ್ಟು ಮಾಡುತ್ತದೆ; ಕೋಣೆಯ ಉಷ್ಣತೆಯಲ್ಲಿದ್ದ ಗಾಳಿಯನ್ನು ಸುಮಾರು 230 ಡಿಗ್ರಿಯವರೆಗೆ ಕಾಯಿಸುತ್ತದೆ.

ಈ ಲೆಕ್ಕದ ಬುನಾದಿಯನ್ನು 1860ರಲ್ಲಿ ರೀಮನ್, 1870ರಲ್ಲಿ ರ‍್ಯಾಂಕಿನ್, 1880ರ ದಶಕದಲ್ಲಿ ಯುಗೊನಿಯೊ ಹಾಕಿದರು. ಅವರ ಸಮೀಕರಣಗಳು ತರಂಗದ ಹಿಂದೆ–ಮುಂದೆ ಅನಿಲ ಹೇಗಿರುತ್ತದೆ ಎಂಬುದನ್ನು ಹೇಳುತ್ತವೆ. ತರಂಗ ಎಲ್ಲಿ ಹುಟ್ಟುತ್ತದೆ, ಎಷ್ಟು ಬಲದಿಂದ ಹುಟ್ಟುತ್ತದೆ, ಎಷ್ಟು ದೂರ ಬಾಳುತ್ತದೆ ಎಂಬುದನ್ನು ಅದನ್ನು ಸುತ್ತುವರಿದ ಆವರಣ ತೀರ್ಮಾನಿಸುತ್ತದೆ. ತೋಪಿನ ನಳಿಗೆ, ರಾಕೆಟ್ಟಿನ ಉಡಾವಣಾ ಕೊಳವೆ, ಪ್ರಯೋಗಾಲಯದ ಶಾಕ್ ಟ್ಯೂಬ್, ಕಲ್ಲುಕ್ವಾರಿಯ ಸಿಡಿತದ ಕೊಳವೆ, ಹೊಲದ ಪೈಪು, ಇವೆಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ.

ಆವರಣದ ಮೊದಲ ಪ್ರಭಾವ ತೀರ ಸರಳವಾದದ್ದು. ಬಯಲಿನಲ್ಲಿ ಸಿಡಿದ ಮದ್ದಿನ ಶಕ್ತಿ ಎಲ್ಲ ದಿಕ್ಕಿಗೂ ಹರಡಿಕೊಳ್ಳುತ್ತದೆ. ನಳಿಗೆಯಲ್ಲಿ ಅದಕ್ಕೆ ಹೋಗಲು ಒಂದೇ ದಾರಿ. ಬಲವಾದ ಸ್ಫೋಟದ ತರಂಗಕ್ಕೆ 1940ರ ದಶಕದಲ್ಲಿ ಇಂಗ್ಲೆಂಡಿನ ಜಿ.ಐ. ಟೇಲರ್, ಅಮೆರಿಕದ ಫಾನ್ ನಾಯ್ಮನ್, ರಷ್ಯದ ಸೆಡೊವ್ ಬೇರೆಬೇರೆಯಾಗಿ ಒಂದೇ ಉತ್ತರ ಕಂಡುಕೊಂಡರು. ಆ ಪ್ರಕಾರ ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಒತ್ತಡ ಎಂಟರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಒಂದೇ ಅಗಲದ ನೆಟ್ಟನೆಯ ನಳಿಗೆಯಲ್ಲಿ ಅದೇ ದೂರಕ್ಕೆ ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಸುರಂಗದಲ್ಲಿ, ನೆಲಮಾಳಿಗೆಯ ಓಣಿಯಲ್ಲಿ ಆದ ಸಣ್ಣ ಸ್ಫೋಟವೂ ಬಹುದೂರದವರೆಗೆ ಹಾನಿ ಮಾಡುವುದು ಇದರಿಂದಲೇ.

ಎರಡನೆಯ ಪ್ರಭಾವ ನಳಿಗೆಯ ಉದ್ದದ್ದು. ಒತ್ತುಗಳು ಒಂದನ್ನೊಂದು ಹಿಡಿಯಲು ಓಟದ ದೂರ ಬೇಕು. ತಳ್ಳುವ ವಸ್ತು ಎಷ್ಟು ಬೇಗ ವೇಗ ಪಡೆಯುತ್ತದೆಯೋ ಆ ದೂರ ಅಷ್ಟು ಕಡಿಮೆಯಾಗುತ್ತದೆ. ಇದನ್ನು ಲೆಕ್ಕ ಹಾಕಿ ನೋಡಲು ಕೊಪ್ಪಳದ ಕೋಟೆಯ ಮುತ್ತಿಗೆಯ ಕಾಲದ ತೋಪು ಒಳ್ಳೆಯ ಉದಾಹರಣೆ. 1786ರಲ್ಲಿ ಟಿಪ್ಪು ಸುಲ್ತಾನ ಪಾಳೆಯಗಾರನಿಂದ ಈ ಗುಡ್ಡದ ಕೋಟೆಯನ್ನು ವಶಪಡಿಸಿಕೊಂಡು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಮತ್ತೆ ಕಟ್ಟಿಸಿದ. 1790–91ರಲ್ಲಿ ನಿಜಾಮನ ಮತ್ತು ಇಂಗ್ಲಿಷರ ಸೇನೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ ಮೇಲಷ್ಟೇ ಅದು ಕೈಗೆ ಸಿಕ್ಕಿತು. ಆ ಸೇನೆಯ ಜತೆಗಿದ್ದ ಜಾನ್ ಮಾಲ್ಕಮ್ ತಾನು ಕಂಡ ಕೋಟೆಗಳಲ್ಲೆಲ್ಲ ಇದು ಗಟ್ಟಿಯಾದದ್ದೆಂದು ಬರೆದ.

ಆ ಕಾಲದ ಎರಡು ಮೀಟರ್ ಉದ್ದದ ತೋಪಿನಿಂದ ಗುಂಡು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಬೀಳುತ್ತದೆ ಎಂದಿಟ್ಟುಕೊಳ್ಳಬಹುದು. ಉದ್ದಕ್ಕೂ ಒಂದೇ ಸಮನೆ ವೇಗ ಏರಿತೆಂದರೆ ಆ ಏರಿಕೆ ಪ್ರತಿ ಸೆಕೆಂಡಿಗೆ ‘ಸೆಕೆಂಡಿಗೆ 40,000 ಮೀಟರ್’ನಷ್ಟು. ಈ ದರದಲ್ಲಿ ಗುಂಡಿನ ಮುಂದಿನ ಗಾಳಿಯಲ್ಲಿ ಆಘಾತ ತರಂಗ ರೂಪುಗೊಳ್ಳಲು ಸುಮಾರು ಎರಡೂವರೆ ಮೀಟರ್ ದೂರ ಬೇಕು. ಅಂದರೆ ಎರಡು ಮೀಟರ್ ತೋಪಿನಲ್ಲಿ ತರಂಗ ಪೂರ್ತಿ ಮಾಗುವ ಮೊದಲೇ ಬಾಯಿ ಬಂದುಬಿಡುತ್ತದೆ. ಅದೇ ದರದ ಮೂರು ಮೀಟರ್ ತೋಪಿನಲ್ಲಿ ಒಳಗೇ ಮಾಗುತ್ತದೆ. ವಾಸ್ತವದಲ್ಲಿ ಮದ್ದಿನ ಒತ್ತಡ ಮೊದಲ ಕೆಲವು ಗೇಣುಗಳಲ್ಲೇ ತುದಿ ಮುಟ್ಟುವುದರಿಂದ ಗುಂಡಿನ ವೇಗ ಆರಂಭದಲ್ಲಿ ಇನ್ನೂ ಬಿರುಸಾಗಿ ಏರುತ್ತದೆ, ತರಂಗ ಇನ್ನೂ ಹಿಂದೆಯೇ ಹುಟ್ಟುತ್ತದೆ. ಹಳೆಯ ತೋಪುಗಳಲ್ಲಿ ಗುಂಡಿಗೂ ನಳಿಗೆಯ ಗೋಡೆಗೂ ನಡುವೆ ಸಂದು ಇರುತ್ತಿತ್ತು. ಆ ಸಂದಿನಿಂದ ನುಗ್ಗಿದ ಬಿಸಿ ಅನಿಲ ಗುಂಡಿಗಿಂತ ಮುಂಚೆ ಓಡಿ ಮುಂದಿನ ಗಾಳಿಯನ್ನು ತಾನೇ ತಳ್ಳುತ್ತಿತ್ತು. ತಳ್ಳುವ ಬಲದ ಒಂದು ಪಾಲು ಅಲ್ಲಿ ಸೋರಿಹೋಗುತ್ತಿತ್ತು.

ತೋಪಿನ ಬಾಯಿಯಲ್ಲಿ ಸದ್ದು ಒಂದೇ ಎಂದು ಕಿವಿಗೆ ಅನ್ನಿಸಿದರೂ ತರಂಗಗಳು ಒಂದಕ್ಕಿಂತ ಹೆಚ್ಚು. ಮೊದಲು ಹೊರಬರುವುದು ಗುಂಡಿನ ಮುಂದಿದ್ದ ಗಾಳಿಯ ತರಂಗ. ಆಮೇಲೆ ಗುಂಡು. ಗುಂಡು ಬಾಯಿ ಬಿಟ್ಟ ಕ್ಷಣ ಅದರ ಹಿಂದೆ ಬಂಧಿಯಾಗಿದ್ದ ಮದ್ದಿನ ಅನಿಲ ಒಮ್ಮೆಲೇ ಬಿಡುಗಡೆಯಾಗಿ ಎಬ್ಬಿಸುವ ತರಂಗವೇ ಎಲ್ಲಕ್ಕಿಂತ ಬಲವಾದದ್ದು. ಒಳಗೆ ಸಮತಟ್ಟಾಗಿದ್ದ ತರಂಗ ಬಾಯಿ ದಾಟಿದೊಡನೆ ಗೋಳಾಕಾರಕ್ಕೆ ತಿರುಗಿ ಬೇಗನೆ ಬಲ ಕಳೆದುಕೊಳ್ಳುತ್ತದೆ. ಆದರೂ ನಳಿಗೆ ಮುಖ ಮಾಡಿದ ದಿಕ್ಕಿನಲ್ಲಿ ಅದು ಹಿಂಬದಿಗಿಂತ ಬಹಳ ಹೆಚ್ಚು ಬಲ ಉಳಿಸಿಕೊಂಡಿರುತ್ತದೆ. ಇಂದಿನ ತೋಪುಗಳ ಬಾಯಿಗೆ ಪಕ್ಕಗಿಂಡಿಗಳಿರುವ ತಡೆಯನ್ನು ಜೋಡಿಸಿ ಅನಿಲವನ್ನು ಅಡ್ಡಕ್ಕೂ ಹಿಂದಕ್ಕೂ ತಿರುಗಿಸುತ್ತಾರೆ. ತೋಪಿನ ಹಿನ್ನೆಗೆತ ಕಡಿಮೆಯಾಗುತ್ತದೆ, ಆದರೆ ಸಿಪಾಯಿಗಳ ಕಿವಿಗೆ ಬೀಳುವ ಹೊಡೆತ ಹೆಚ್ಚುತ್ತದೆ. ಆಕಾರ ಬದಲಿಸಿದರೆ ತರಂಗ ಇಲ್ಲವಾಗುವುದಿಲ್ಲ, ಬೇರೆ ಕಡೆಗೆ ಹೋಗುತ್ತದೆ. ಈ ವಿಷಯದಲ್ಲಿ ಪದೇಪದೇ ಎದುರಾಗುವ ಸಂಗತಿ ಇದು.

ರಾಕೆಟ್ಟಿನ ಕಥೆ ಬೇರೆ. 1780ರ ಪೊಳ್ಳಿಲೂರು ಕಾಳಗದಲ್ಲಿ ಹೆಸರು ಮಾಡಿದ ಮೈಸೂರು ರಾಕೆಟ್ಟಿನ ಹೆಚ್ಚುಗಾರಿಕೆ ಅದರ ಕಬ್ಬಿಣದ ಕೊಳವೆಯಲ್ಲಿತ್ತು. ಕಾಗದ, ಬಿದಿರುಗಳ ಕೊಳವೆಗಿಂತ ಅದು ಹೆಚ್ಚು ಒತ್ತಡ ತಡೆಯುತ್ತಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಹಾಳುಬಾವಿಯೊಂದರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು. ವಿಜ್ಞಾನಿ ರೊದ್ದಂ ನರಸಿಂಹ ಈ ರಾಕೆಟ್ಟುಗಳ ಇತಿಹಾಸವನ್ನು 1980ರ ದಶಕದಲ್ಲೇ ಅಧ್ಯಯನ ಮಾಡಿದ್ದರು. ಕೊಳವೆಯ ಹಿಂಬದಿಯ ಕಿರುಗಂಡಿಯಲ್ಲಿ ಅನಿಲ ಶಬ್ದವೇಗ ಮುಟ್ಟುತ್ತದೆ, ಅದಕ್ಕಿಂತ ಹೆಚ್ಚಲಾರದು. ಗಂಡಿಯ ಆಚೆಗೆ ಅಗಲವಾಗುತ್ತ ಹೋಗುವ ಬಾಯಿ ಇದ್ದರೆ ಮಾತ್ರ ಒಳಗೇ ಶಬ್ದವೇಗ ಮೀರಲು ಸಾಧ್ಯ. ಇಲ್ಲವಾದರೆ ಅನಿಲ ಹೊರಗೆ ಬಂದು ಹಿಗ್ಗುತ್ತ ಕುಗ್ಗುತ್ತ ಸಾಲುಸಾಲು ಆಘಾತ ತರಂಗಗಳನ್ನು ಕಟ್ಟುತ್ತದೆ, ಶಕ್ತಿ ಅಲ್ಲಿ ಪೋಲಾಗುತ್ತದೆ.

ಇಂದಿನ ರಾಕೆಟ್ಟುಗಳನ್ನು ಕೊಳವೆಯೊಳಗಿಂದ ಉಡಾಯಿಸುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ರಾಕೆಟ್ಟಿಗೂ ಕೊಳವೆಗೂ ನಡುವಿನ ಸಂದು ಸಾಕಷ್ಟು ಅಗಲವಿದ್ದು ಹಿಂಬದಿ ತೆರೆದಿದ್ದರೆ ಹೊಗೆಯ ಪ್ರವಾಹ ಹೊರಗಿನ ಗಾಳಿಯನ್ನೂ ಎಳೆದುಕೊಂಡು ಹಿಂದಕ್ಕೆ ಹೋಗುತ್ತದೆ. ಕೊಳವೆ ಹಿಂಬದಿಯಲ್ಲಿ ಕಿರಿದಾದರೆ ಪ್ರವಾಹ ಕಟ್ಟಿಕೊಂಡು, ಬಿಸಿ ಅನಿಲ ಸಂದಿನಲ್ಲಿ ಮುಂದಕ್ಕೆ ನುಗ್ಗಿ ರಾಕೆಟ್ಟಿನ ಮೈಯನ್ನು ಸುತ್ತಿಕೊಳ್ಳುತ್ತದೆ, ಅದರ ದಿಕ್ಕನ್ನೂ ಕದಲಿಸಬಹುದು. ಹೊತ್ತಿಕೊಂಡ ಕ್ಷಣದ ತರಂಗ ಇನ್ನೂ ಅಪಾಯಕಾರಿ. 1981ರ ಏಪ್ರಿಲ್ 12ರಂದು ಅಮೆರಿಕದ ಸ್ಪೇಸ್ ಶಟಲ್ ನೌಕೆ ಮೊದಲ ಬಾರಿ ಹಾರಿದಾಗ ಉಡಾವಣಾ ವೇದಿಕೆಯ ಹೊಗೆಗಂಡಿಗಳಲ್ಲಿ ಎದ್ದ ಒತ್ತಡದ ತರಂಗ ಊಹಿಸಿದ್ದಕ್ಕಿಂತ ಬಹಳ ಜೋರಾಗಿ ಮೇಲಕ್ಕೆ ಬಂದು ನೌಕೆಗೆ ಬಡಿಯಿತು. ಮುಂದಿನ ಉಡಾವಣೆಗಳ ಹೊತ್ತಿಗೆ ಆ ಗಂಡಿಗಳಲ್ಲಿ ನೀರು ಚಿಮ್ಮಿಸುವ, ನೀರಿನ ಚೀಲಗಳನ್ನು ಅಡ್ಡ ಕಟ್ಟುವ ವ್ಯವಸ್ಥೆ ಮಾಡಬೇಕಾಯಿತು.

ನಳಿಗೆ ಮತ್ತು ಆಘಾತ ತರಂಗದ ಸಂಬಂಧವನ್ನು ನಿಖರವಾಗಿ ಅಳೆದದ್ದು ಶಾಕ್ ಟ್ಯೂಬ್‌ಗಳಲ್ಲಿ. ಫ್ರಾನ್ಸಿನಲ್ಲಿ ಹೊಗೆಯಿಲ್ಲದ ಮದ್ದನ್ನು ರೂಪಿಸಿದ ಪಾಲ್ ವಿಯೆಯ್ 1899ರಲ್ಲಿ ಮೊದಲ ಶಾಕ್ ಟ್ಯೂಬ್ ಕಟ್ಟಿದ. ಕರ್ನಾಟಕದಲ್ಲಿ ಈ ವಿದ್ಯೆಯ ಮನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. 1970ರ ದಶಕದಿಂದ ಅಲ್ಲಿ ಶಬ್ದದ ಐದಾರು ಪಟ್ಟು ಮೀರಿದ ವೇಗಗಳ ಅಧ್ಯಯನ ನಡೆದುಬಂದಿದೆ. 2005ರಲ್ಲಿ ಆಘಾತ ತರಂಗಗಳ 25ನೆಯ ಅಂತರರಾಷ್ಟ್ರೀಯ ಸಮ್ಮೇಳನವೂ ಅಲ್ಲಿಯೇ ನಡೆಯಿತು. ಅಲ್ಲಿನ ಎಚ್‌ಎಸ್‌ಟಿ–2 ಎಂಬ ಗಾಳಿ ಸುರಂಗದ ಶಾಕ್ ಟ್ಯೂಬ್‌ಗೆ 50 ಮಿಲಿಮೀಟರ್ ಒಳವ್ಯಾಸ. ಹೆಚ್ಚು ಒತ್ತಡದ ಚಾಲಕ ಅನಿಲ ತುಂಬುವ ಭಾಗ 2 ಮೀಟರ್, ಪರೀಕ್ಷೆಯ ಅನಿಲವಿರುವ ಭಾಗ 5 ಮೀಟರಿಗೆ ಸ್ವಲ್ಪ ಹೆಚ್ಚು. ನಡುವೆ ಲೋಹದ ತೆಳು ತಗಡಿನ ಪರದೆ. ಒತ್ತಡ ಏರಿ ತಗಡು ಹರಿದಾಗ ತರಂಗ ಹೊರಡುತ್ತದೆ.

ಪುಸ್ತಕಗಳು ಆ ತಗಡು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುತ್ತದೆ ಎಂದುಕೊಂಡು ಲೆಕ್ಕ ಹಾಕುತ್ತವೆ. ಪ್ರಯೋಗಾಲಯದಲ್ಲಿ ಅದು ಮಾಯವಾಗುವುದಿಲ್ಲ. ತಗಡಿನ ಮೇಲೆ ಮೊದಲೇ ಅಡ್ಡ–ಉದ್ದ ಗೀರು ಹಾಕಿರುತ್ತಾರೆ. ಒತ್ತಡಕ್ಕೆ ಅದು ನಡುವೆ ಬಿರಿದು ನಾಲ್ಕು ದಳಗಳಾಗಿ ಗೋಡೆಯ ಕಡೆಗೆ ಮಡಚಿಕೊಳ್ಳುತ್ತದೆ. ಈ ಅರಳುವ ಹೊತ್ತಿನಲ್ಲಿ ಅನಿಲ ಮೊದಲು ನಡುವಿನ ಕಿಂಡಿಯಿಂದ ಚಿಮ್ಮಿ, ಗೋಡೆಗೆ ಬಡಿದು, ಮತ್ತೆ ನಡುವಿಗೆ ಮರಳುತ್ತದೆ. ಅಡ್ಡಡ್ಡ ಓಡಾಡುವ ಈ ಸಣ್ಣ ತರಂಗಗಳು ತಣಿದು, ಹಿಂದಿನ ಒತ್ತುಗಳು ಮುಂದಿನವನ್ನು ಸೇರಿ, ನಳಿಗೆಗೆ ಲಂಬವಾದ ಒಂದೇ ಸಮತಟ್ಟು ತರಂಗ ನಿಲ್ಲಬೇಕಾದರೆ ನಳಿಗೆಯ ವ್ಯಾಸದ ಹತ್ತಾರು ಪಟ್ಟು ದೂರ ಬೇಕು. ದಳ ಅರೆಬರೆ ಬಿರಿದರೆ, ಚೂರು ಕಿತ್ತು ಹಾರಿದರೆ, ಆ ಬಾರಿಯ ಪ್ರಯೋಗ ಕೆಟ್ಟಂತೆಯೇ. ಗುಂಡನೆಯ ನಳಿಗೆಯಲ್ಲಿ ದಳಗಳು ಗೋಡೆಗೆ ಸರಿಯಾಗಿ ಅಂಟುವುದಿಲ್ಲವೆಂದು ಎಷ್ಟೋ ಕಡೆ ಪರದೆಯ ಜಾಗವನ್ನು ಮಾತ್ರ ಚೌಕ ಮಾಡಿರುತ್ತಾರೆ.

ಹಾಗಾದರೆ ನಳಿಗೆ ಗುಂಡಗಿರಬೇಕೋ ಚೌಕವಾಗಿರಬೇಕೋ? ನೆಟ್ಟನೆಯ ಮಟ್ಟಸ ನಳಿಗೆಯಲ್ಲಿ ತರಂಗದ ಬಲಕ್ಕೆ ಈ ಪ್ರಶ್ನೆ ಅಷ್ಟು ಮುಖ್ಯವಲ್ಲ. ಗುಂಡನೆಯ ಕೊಳವೆ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಕೊರೆಯುವುದೂ ಸುಲಭ. ಚೌಕ ನಳಿಗೆಗೆ ಚಪ್ಪಟೆ ಗಾಜಿನ ಕಿಟಕಿ ಕೂರಿಸಿ ತರಂಗದ ಚಿತ್ರ ತೆಗೆಯಬಹುದು. ಚೌಕದ ಮೂಲೆಗಳಲ್ಲಿ ಗೋಡೆಗೆ ಅಂಟಿದ ನಿಧಾನದ ಪದರ ದಪ್ಪವಾಗುವುದೊಂದು ಸಣ್ಣ ಕೊರತೆ. ಅಡ್ಡಕೊಯ್ತದ ರೂಪಕ್ಕಿಂತ ಅದರ ಕ್ಷೇತ್ರ ಉದ್ದಕ್ಕೂ ಹೇಗೆ ಬದಲಾಗುತ್ತದೆ, ತುದಿ ಹೇಗೆ ಮುಗಿಯುತ್ತದೆ ಎಂಬುದರ ಪ್ರಭಾವ ಎಷ್ಟೋ ಪಾಲು ಹೆಚ್ಚು.

ಕ್ರಮೇಣ ಕಿರಿದಾಗುವ ನಳಿಗೆಯಲ್ಲಿ ತರಂಗ ಬಲಗೊಳ್ಳುತ್ತದೆ, ಅಗಲವಾಗುವ ನಳಿಗೆಯಲ್ಲಿ ಕುಗ್ಗುತ್ತದೆ. 1950ರ ದಶಕದಲ್ಲಿ ಚೆಸ್ಟರ್, ಚಿಸ್‌ನೆಲ್, ವಿಟಮ್ ಎಂಬ ಮೂವರು ಕಟ್ಟಿದ ಸಿದ್ಧಾಂತ ಇದಕ್ಕೆ ಲೆಕ್ಕ ಕೊಟ್ಟಿತು. ಬಲವಾದ ತರಂಗ ಸಾಗುವ ದಾರಿಯ ಕ್ಷೇತ್ರ ಅರ್ಧಕ್ಕಿಳಿದರೆ ಅದರ ವೇಗ ಸುಮಾರು ಶೇ 15ರಷ್ಟು, ಒತ್ತಡ ಸುಮಾರು ಶೇ 30ರಷ್ಟು ಏರುತ್ತದೆ. ವೇಗ ದುಪ್ಪಟ್ಟಾಗಬೇಕಾದರೆ ಕ್ಷೇತ್ರ 34ರಲ್ಲಿ ಒಂದು ಪಾಲಾಗಬೇಕು. ಕಿರಿದುಗೊಳಿಸಿದಷ್ಟೂ ಲಾಭ ಎಂಬ ಆಸೆಗೆ ಈ ಅಂಕಿಗಳು ಕಡಿವಾಣ ಹಾಕುತ್ತವೆ. ಚಾಲಕ ಅನಿಲವನ್ನು ಬದಲಿಸಿದರೆ ಸಿಗುವ ಲಾಭ ಇನ್ನೂ ದೊಡ್ಡದು. ಹೀಲಿಯಂನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,000 ಮೀಟರ್ ಸಾಗುತ್ತದೆ. ಎರಡೂ ಕಡೆ ಗಾಳಿಯೇ ಇದ್ದು ಒತ್ತಡವನ್ನು ಎಷ್ಟೇ ಏರಿಸಿದರೂ ಮಟ್ಟಸ ಶಾಕ್ ಟ್ಯೂಬ್‌ನಲ್ಲಿ ಸುಮಾರು ಮ್ಯಾಕ್ 6ರ ಮಿತಿ ದಾಟಲಾಗದು. ಹೀಲಿಯಂ ಹಾಕಿದರೆ ಆ ಮಿತಿ ಹತ್ತಕ್ಕೂ ಮೇಲೇರುತ್ತದೆ.

ಆಕಾರ ಮತ್ತು ಅನಿಲ ಎರಡನ್ನೂ ಒಟ್ಟಿಗೆ ದುಡಿಸಿಕೊಂಡದ್ದು ಹಗುರ ಅನಿಲದ ಗನ್. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 1940ರ ದಶಕದ ಕೊನೆಗೆ ಮೊದಲು ತಯಾರಾದ ಈ ಯಂತ್ರದಲ್ಲಿ ಅಗಲವಾದ ಕೊಳವೆಯೊಂದರಲ್ಲಿ ಪಿಸ್ಟನ್ ಹೈಡ್ರೋಜನ್ನನ್ನು ಅಮುಕುತ್ತದೆ. ಮುಂದೆ ಕೊಳವೆ ಕಿರಿದಾಗಿ ಉಡಾವಣಾ ನಳಿಗೆಗೆ ಕೂಡುತ್ತದೆ. ಉಡಾಯಿಸಬೇಕಾದ ವಸ್ತು ನಳಿಗೆಯಲ್ಲಿ ಮುಂದೆ ಓಡಿದಾಗ ಅದರ ಹಿಂದೆ ಒತ್ತಡ ಇಳಿಯುತ್ತದೆ, ಆ ಇಳಿತವೂ ಒಂದು ತರಂಗವಾಗಿ ಹಿಂದಕ್ಕೆ ಹೋಗುತ್ತದೆ. ಕೊಳವೆ ಅಗಲವಾಗುವ ಜಾಗ ಮುಟ್ಟಿದೊಡನೆ ಅದು ಏರುವ ಒತ್ತಡವಾಗಿ ಮಾರ್ಪಟ್ಟು ವಾಪಸಾಗುತ್ತದೆ, ಓಡುತ್ತಿರುವ ವಸ್ತುವಿನ ಬೆನ್ನಿಗೆ ಮತ್ತೆ ಬಲ ಕೊಡುತ್ತದೆ. ಮದ್ದಿನ ಕೋಣೆ ನಳಿಗೆಗಿಂತ ಅಗಲವಿದ್ದರೆ ವೇಗ ಹೆಚ್ಚುವುದರ ಗುಟ್ಟು ಇದೇ. ಹೀಗೆ ಸೆಕೆಂಡಿಗೆ 7–8 ಕಿಲೋಮೀಟರ್ ವೇಗ ಸಾಧಿಸಿದ್ದಾರೆ. ಕಿರಿದಾಗುವ ಭಾಗ ತೀರ ಕಡಿದಾಗಿದ್ದರೆ ಮಾತ್ರ ಅಲ್ಲಿ ಮರಳಿ ಬಡಿಯುವ ತರಂಗ ಉಡಾಯಿಸಬೇಕಾದ ವಸ್ತುವನ್ನೇ ಪುಡಿ ಮಾಡಬಹುದು, ಉಕ್ಕನ್ನೂ ತಿನ್ನಬಹುದು. ವಿಜ್ಞಾನ ಸಂಸ್ಥೆಯ ಎಚ್‌ಎಸ್‌ಟಿ–3 ಕೂಡ ಪಿಸ್ಟನ್ನಿನಿಂದ ಅನಿಲ ಅಮುಕುವ ಇದೇ ಕುಲದ ಯಂತ್ರ.

ಅದೇ ಸಂಸ್ಥೆಯ ಕೆ.ಪಿ.ಜೆ. ರೆಡ್ಡಿಯವರು 2013ರ ಹೊತ್ತಿಗೆ ಪ್ರಕಟಿಸಿದ ‘ರೆಡ್ಡಿ ಟ್ಯೂಬ್’ ಇದರ ಮೇಜಿನ ಮೇಲಿನ ರೂಪ. ಕೈಯಿಂದ ಪಿಸ್ಟನ್ ತಳ್ಳಿ ಗಾಳಿಯನ್ನು ಅಮುಕಿದರೆ ತೆಳು ಪರದೆ ಹರಿದು, ಶಬ್ದದ ಒಂದೂವರೆ ಪಟ್ಟಿಗೂ ಮಿಕ್ಕ ವೇಗದ ತರಂಗ ಹೊರಡುತ್ತದೆ. ಮಲೆನಾಡಿನ ಮಕ್ಕಳು ಕಾಯಿ ತುಂಬಿ ಸಿಡಿಸುವ ಬಿದಿರಿನ ಆಟಿಕೆ ಪೆಟ್ಲು ನಡೆಯುವ ಬಗೆಯೂ ಇದೇ: ಹಿಂದಿನ ಕಾಯಿ ಪಿಸ್ಟನ್, ಮುಂದಿನ ಕಾಯಿ ಪರದೆ. ಸರ್ಕಾರಿ ಕಾಲೇಜುಗಳ ಪ್ರಯೋಗಾಲಯಕ್ಕೂ ಎಟುಕುವ ಉಪಕರಣ ಇದು. ಕೊಪ್ಪಳ, ಗಂಗಾವತಿಗಳ ವಿದ್ಯಾರ್ಥಿಗಳು ಆಘಾತ ತರಂಗವನ್ನು ಪುಸ್ತಕದಲ್ಲಿ ಓದುವುದರ ಬದಲು ಕೈಯಾರೆ ಹುಟ್ಟಿಸಿ ಅಳೆಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ನಳಿಗೆಯ ಕೊನೆ ಮುಚ್ಚಿದ್ದರೆ ತರಂಗ ಮರಳಿ ಬರುವಾಗ ಒತ್ತಡ ಮತ್ತೊಮ್ಮೆ ನೆಗೆಯುತ್ತದೆ. ಮ್ಯಾಕ್ 2ರ ತರಂಗ ಒಂದು ವಾಯುಭಾರವನ್ನು ನಾಲ್ಕೂವರೆಗೆ ಏರಿಸಿದರೆ, ಮುಚ್ಚಿದ ತುದಿಗೆ ಬಡಿದು ತಿರುಗಿದ ಮೇಲೆ ಅಲ್ಲಿ ಹದಿನೈದಾಗುತ್ತದೆ. ತೆರೆದ ತುದಿಯಿಂದ ಇದಕ್ಕೆ ವಿರುದ್ಧವಾಗಿ ಒತ್ತಡ ಇಳಿಸುವ ತರಂಗ ಮರಳುತ್ತದೆ. ನಳಿಗೆ ಬಾಗಿದ್ದರೆ ಹೊರಗೋಡೆಯಲ್ಲಿ ತರಂಗ ಮುದುಡಿ ಬಲಗೊಳ್ಳುತ್ತದೆ, ಒಳಗೋಡೆಯಲ್ಲಿ ಹರಡಿ ಸೊರಗುತ್ತದೆ. ಕೆಲವು ವ್ಯಾಸಗಳಷ್ಟು ಮುಂದೆ ಹೋಗಿ ಮತ್ತೆ ಸಮತಟ್ಟಾಗುತ್ತದೆ. ಒಂದೇ ಬಾಗಿನಿಂದ ಸಿಗುವ ತಡೆ ಅಲ್ಪ. ಕವಲುಗಳು, ಥಟ್ಟನೆ ಅಗಲವಾಗುವ ಕೋಣೆಗಳು, ತೂತು ತಗಡುಗಳು ಇದಕ್ಕಿಂತ ಎಷ್ಟೋ ಹೆಚ್ಚು ತಡೆಯುತ್ತವೆ. ಬೈಕಿನ ಸೈಲೆನ್ಸರ್ ಒಳಗಿರುವುದು ಇವೇ.

ನಳಿಗೆ ತೀರ ಸಣ್ಣದಾದರೆ ಗೋಡೆಯ ಉಜ್ಜುವಿಕೆ ಮತ್ತು ಗೋಡೆಗೆ ಸೋರುವ ಶಾಖ ತರಂಗವನ್ನು ಕೊಂದುಹಾಕುತ್ತವೆ. ಇಳಕಲ್ಲಿಗೆ ಹೊಂದಿಕೊಂಡ ಕುಷ್ಟಗಿ ಸೀಮೆಯಂಥ ಗ್ರಾನೈಟ್ ನಾಡಿನಲ್ಲಿ ಈ ನಿಯಮಕ್ಕೆ ಸೊಗಸಾದ ಅಪವಾದವೊಂದನ್ನು ಹೇಳಬಹುದು. ಇಂದಿನ ಕ್ವಾರಿಗಳಲ್ಲಿ ಸಿಡಿತದ ಸಂದೇಶ ಒಯ್ಯಲು ಬಳಸುವ, ಮೂರು ಮಿಲಿಮೀಟರಿನಷ್ಟೇ ದಪ್ಪದ ಪ್ಲಾಸ್ಟಿಕ್ ಕೊಳವೆಗೂ ಶಾಕ್ ಟ್ಯೂಬ್ ಎಂದೇ ಹೆಸರು. ಸ್ವೀಡನ್ನಿನಲ್ಲಿ ರೂಪುಗೊಂಡ ಅದರ ಒಳಗೋಡೆಗೆ ಸ್ಫೋಟಕ ಪುಡಿಯ ತೀರ ತೆಳು ಲೇಪನವಿರುತ್ತದೆ. ತರಂಗ ಸಾಗಿದ ಹಾಗೆ ಆ ಪುಡಿ ಉರಿದು, ಗೋಡೆ ಕಸಿದುಕೊಂಡ ಶಕ್ತಿಯನ್ನು ಹಿಂದಿರುಗಿಸುತ್ತದೆ. ಹಾಗಾಗಿ ನೂರಾರು ಮೀಟರ್ ದೂರ, ಗಂಟುಬಾಗುಗಳನ್ನು ದಾಟಿ, ಸೆಕೆಂಡಿಗೆ ಸುಮಾರು 2 ಕಿಲೋಮೀಟರ್ ವೇಗ ಉಳಿಯುತ್ತದೆ. ಬಂಡೆಯ ರಂಧ್ರದಲ್ಲೂ ಆಕಾರದ ಆಟವಿದೆ. ಚಪ್ಪಡಿಗಾಗಿ ಕಲ್ಲು ಸೀಳುವವರಿಗೆ ಬಂಡೆ ಪುಡಿಯಾಗಕೂಡದು. ಮದ್ದಿಗೂ ರಂಧ್ರದ ಗೋಡೆಗೂ ನಡುವೆ ಗಾಳಿಯ ಸಂದು ಬಿಟ್ಟರೆ ಗೋಡೆಗೆ ಬೀಳುವ ಆಘಾತ ತಗ್ಗುತ್ತದೆ, ಸಾಲಾಗಿ ಕೊರೆದ ರಂಧ್ರಗಳ ಗೆರೆಯಲ್ಲೇ ಬಿರುಕು ಹರಿಯುತ್ತದೆ.

ಆಕಾರ ತರಂಗವನ್ನು ಹುಟ್ಟದಂತೆ ತಡೆಯುವುದೂ ಉಂಟು. ಟ್ರಾಂಬೋನಿನಂಥ ಹಿತ್ತಾಳೆ ವಾದ್ಯದ ಕೊಳವೆಯ ಬಹುಭಾಗ ಒಂದೇ ಅಗಲದ್ದು. ಜೋರಾಗಿ ಊದಿದಾಗ ಅದರೊಳಗೆ ನಿಜವಾದ ಆಘಾತ ತರಂಗವೇ ಮೂಡುತ್ತದೆಂದು ಹಿರ್ಷ್‌ಬರ್ಗ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ಬ್ಯಾಂಡ್ ಸೆಟ್ಟಿನ ಆ ಸೀಳುವ ಕಂಚಿನ ದನಿಗೆ ಕಾರಣ ಅದು. ಶುರುವಿನಿಂದಲೇ ಅಗಲವಾಗುತ್ತ ಹೋಗುವ ಶಂಕುವಿನಾಕಾರದ ಕೊಳವೆಯಲ್ಲಿ ತರಂಗ ಹರಡಿ ದುರ್ಬಲವಾಗುವುದರಿಂದ ಒತ್ತುಗಳು ಒಂದನ್ನೊಂದು ಹಿಡಿಯಲು ಅವಕಾಶ ಕಡಿಮೆ, ದನಿಯೂ ಮೆದು. ಇದೇ ಪಾಠ ಜಪಾನಿನ ರೈಲು ಸುರಂಗಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಕೆಯಾಗಿದೆ. 1975ರಲ್ಲಿ ಸಾನ್ಯೊ ಬುಲೆಟ್ ರೈಲು ಮಾರ್ಗ ಪೂರ್ತಿಯಾದ ಕಾಲದಲ್ಲಿ ರೈಲು ಉದ್ದನೆಯ ಸುರಂಗ ಹೊಕ್ಕಾಗ ಆಚೆಯ ಬಾಯಲ್ಲಿ ಸಿಡಿತದ ಸದ್ದು ಕೇಳತೊಡಗಿತು. ರೈಲಿನ ಮೂತಿ ಪಿಸ್ಟನ್ನಿನಂತೆ ವರ್ತಿಸಿ, ಹುಟ್ಟಿದ ಒತ್ತಡ ಕಾಂಕ್ರೀಟ್ ಹಾಸಿನ ಸುರಂಗದುದ್ದಕ್ಕೂ ಕಡಿದಾಗುತ್ತ ಹೋಗುತ್ತಿತ್ತು. ಸುರಂಗದ ಬಾಯಿಗೆ ಅಗಲವಾದ, ಪಕ್ಕಕ್ಕೆ ಕಿಂಡಿಗಳಿರುವ ಮಾಡು ಕಟ್ಟಿ, ರೈಲಿನ ಮೂತಿಯನ್ನು ಉದ್ದ ಮಾಡಿ (500 ಸರಣಿಯ ರೈಲಿಗೆ 15 ಮೀಟರ್ ಮೂತಿ) ಒತ್ತಡ ನಿಧಾನವಾಗಿ ಏರುವಂತೆ ಮಾಡಿದರು.

ಕೊಳವೆಯಲ್ಲಿ ಗಾಳಿಯ ಬದಲು ನೀರಿದ್ದರೆ ತರಂಗ ಹೆಚ್ಚು ಕಡಿದಾಗುವುದಿಲ್ಲ, ಆದರೆ ಹೊಡೆತ ಗಾಳಿಯದಕ್ಕಿಂತ ಭಾರಿ. ಹರಿಯುವ ನೀರನ್ನು ಥಟ್ಟನೆ ನಿಲ್ಲಿಸಿದಾಗ ಏರುವ ಒತ್ತಡಕ್ಕೆ ರಷ್ಯದ ಜುಕೋವ್‌ಸ್ಕಿ 1898ರಲ್ಲಿ ಸೂತ್ರ ಕೊಟ್ಟ. ಉಕ್ಕಿನ ಪೈಪಿನಲ್ಲಿ ತರಂಗ ಸೆಕೆಂಡಿಗೆ ಸುಮಾರು 1,200 ಮೀಟರ್ ಸಾಗುತ್ತದೆ. ಸೆಕೆಂಡಿಗೆ ಒಂದು ಮೀಟರ್ ಹರಿಯುವ ನೀರು ನಿಂತರೆ ಸುಮಾರು 12 ವಾಯುಭಾರದಷ್ಟು ಒತ್ತಡ ಏರುತ್ತದೆ. ಪಿವಿಸಿ ಪೈಪು ಹಿಗ್ಗುವುದರಿಂದ ಅದರಲ್ಲಿ ತರಂಗದ ವೇಗ 300–500 ಮೀಟರ್, ಏರಿಕೆ 3–5 ವಾಯುಭಾರ. ವ್ಯಾಸಕ್ಕೆ ಹೋಲಿಸಿದರೆ ಗೋಡೆ ತೆಳುವಾದಷ್ಟೂ ವೇಗ ಇಳಿಯುತ್ತದೆ, ತಾಳುವ ಶಕ್ತಿಯೂ ಇಳಿಯುತ್ತದೆ. ತುಂಗಭದ್ರಾ ಎಡದಂಡೆಯ ಗಂಗಾವತಿ ಕಾಲುವೆ ನೀರಿನ ಸೀಮೆ. ಯಲಬುರ್ಗಾ, ಕುಷ್ಟಗಿಗಳ ಬಹುಪಾಲು ಹೊಲಗಳಿಗೆ ಕೊಳವೆಬಾವಿಯೇ ಗತಿ. ದೂರದ ಹೊಲಕ್ಕೆ 600 ಮೀಟರ್ ಪಿವಿಸಿ ಪೈಪು ಎಳೆದಿದ್ದರೆ ತರಂಗ ತುದಿ ಮುಟ್ಟಿ ಮರಳಲು ಸುಮಾರು ಮೂರು ಸೆಕೆಂಡು ಬೇಕು. ಅದಕ್ಕಿಂತ ಬೇಗ ವಾಲ್ವ್ ಮುಚ್ಚಿದರೆ ಪೂರ್ತಿ ಹೊಡೆತ ಪೈಪಿಗೆ ಬೀಳುತ್ತದೆ. ಮುಚ್ಚುವ ಅವಧಿಯನ್ನು ಆ ಮೂರು ಸೆಕೆಂಡಿನ ಹಲವು ಪಟ್ಟು ಎಳೆದರೆ ಮರಳಿ ಬಂದ ತರಂಗ ಏರಿಕೆಯನ್ನು ಬಹುಪಾಲು ಅಳಿಸಿಹಾಕುತ್ತದೆ. ಕರೆಂಟು ಹೋಗಿ ಮೋಟಾರು ನಿಂತಾಗ ಯಾರ ಕೈಯೂ ವಾಲ್ವಿನ ಮೇಲಿರುವುದಿಲ್ಲ. ಆಗ ನೀರು ಹಿಂದಕ್ಕೆ ಜಾರಿ ಬಡಿಯದ ಹಾಗೆ ಕಾಯುವುದು ಬಾವಿಯ ಬಾಯಲ್ಲಿ ಕೂರಿಸಿದ, ಬೇಗ ಮುಚ್ಚಿಕೊಳ್ಳುವ ನಾನ್ ರಿಟರ್ನ್ ವಾಲ್ವ್ ಮತ್ತು ಪೈಪಿನ ಎತ್ತರದ ಜಾಗದಲ್ಲಿ ಹಾಕಿದ ಏರ್ ವಾಲ್ವ್. ಮುಂದೆ ಎಲ್ಲೂ ಹೋಗದ ಮುಚ್ಚಿದ ಕವಲು ಪೈಪನ್ನು ಹಾಗೇ ಬಿಟ್ಟಿದ್ದರೆ ಅದರ ತುದಿಯಲ್ಲಿ ಒತ್ತಡ ಇಮ್ಮಡಿಯಾಗುತ್ತದೆ; ಕೀಲು ಕಿತ್ತುಬರುವುದು ಸಾಮಾನ್ಯವಾಗಿ ಅಲ್ಲಿಯೇ.